ಹ್ಯಾಂಡಲ್‌ಬಾರ್ ಕೊಯ್ದ ಮೇಲೆ

ಅವತಿ ಬೆಟ್ಟದ ಕಲ್ಲುದಾರಿಯಲ್ಲಿ ಸೈಕಲ್ಲಿನಲ್ಲಿ ಇಳಿದಾಗಲೆಲ್ಲ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತಿದ್ದವು. ಅಂಗೈಯ ಹೊರ ಅಂಚಿನ ಅಲ್ನಾರ್ ನರ ಒತ್ತಿಕೊಂಡರೆ ಹೀಗಾಗುತ್ತದೆ. ಗ್ರಿಪ್ ಬದಲಿಸಿದೆ, ಗ್ಲೌಸ್ ಬದಲಿಸಿದೆ, ಹೋಗಲಿಲ್ಲ. ಸೈಕಲ್ಲಿನೊಂದಿಗೆ ಬಂದ ಹ್ಯಾಂಡಲ್‌ಬಾರ್ 780 ಮಿ.ಮೀ. ಅಗಲ, ನನ್ನ ಭುಜವೋ ಸಣ್ಣದು; ಕೈ ಅಗಲಿಸಿ ಹಿಡಿದಾಗ ಮಣಿಕಟ್ಟು ಬಾಗುತ್ತಿತ್ತು. ಕೊಯ್ದದ್ದನ್ನು ಮತ್ತೆ ಅಂಟಿಸಲಾಗದು. ಅದಕ್ಕೇ ಬ್ರೇಕ್ ಲಿವರ್, ಗ್ರಿಪ್‌ಗಳನ್ನು ಒಳಗೆ ಸರಿಸಿ ಎರಡು ವಾರ ಓಡಿಸಿ ನೋಡಿದೆ. ಆಮೇಲೆ ಎರಡೂ ಕಡೆ 20 ಮಿ.ಮೀ. ಕೊಯ್ದು 740ಕ್ಕೆ ತಂದೆ. ಬಾರನ್ನು ತುಸು ತಿರುಗಿಸಿ ಬಿಗಿದದ್ದೇ ಮಣಿಕಟ್ಟು ನೇರವಾಯಿತು. ಅಗಲವಿದ್ದರೆ ಇಳಿಜಾರಿನಲ್ಲಿ ಹಿಡಿತ ಹೆಚ್ಚು, ನಿಜ. ಆದರೆ ಕೈಗೆ ಸ್ಪರ್ಶವೇ ಇಲ್ಲದಿದ್ದರೆ ಯಾವ ಹಿಡಿತ?

ಅಪ್ಪನ ಹಳೇ ಸೈಕಲ್ಲಿನ ಹ್ಯಾಂಡಲ್ ಹಿಂದಕ್ಕೆ ಬಾಗಿತ್ತು. ಹೊಲದ ದಾರಿಯಲ್ಲೂ ಅವರು ಬೆನ್ನು ನೆಟ್ಟಗಿಟ್ಟು ಕೂರುತ್ತಿದ್ದದ್ದು ಇವತ್ತು ಬೆಳಿಗ್ಗೆ ಇಳಿಯುವಾಗ ನೆನಪಾಯಿತು.