ಬಿಚ್ಚಿಹೋದ ಲೇಸು

ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿ ಒಂಬತ್ತು ದಿನವಾಗಿತ್ತು. ಭಾನುವಾರ ಬೆಳಿಗ್ಗೆ ಚರ್ಚಿನ ಮೆಟ್ಟಿಲ ಬಳಿ ನನ್ನ ಷೂ ಲೇಸ್ ಬಿಚ್ಚಿಕೊಂಡಿತು. ಒಂದೇ ಕೈಯಲ್ಲಿ ಅದನ್ನು ಕಟ್ಟುವುದು ನನ್ನಿಂದ ಆಗುವುದಿಲ್ಲವೆಂದು ಅಷ್ಟು ದಿನಗಳಲ್ಲಿ ಮನವರಿಕೆಯಾಗಿತ್ತು, ಆದರೂ ಬಾಗಿ ಒದ್ದಾಡುತ್ತಿದ್ದೆ. ಅಷ್ಟರಲ್ಲಿ ಯಾರೋ ಬಂದು ನನ್ನ ಮುಂದೆ ಮಂಡಿಯೂರಿದರು. ಮುಖ ಕಂಡೊಡನೆ ಎದೆ ಧಸಕ್ಕೆಂದಿತು. ಬೇರೆ ಯಾರಾದರೂ ಆಗಿರಬಾರದಿತ್ತೇ ಎನಿಸಿತು.

ಒಂದು ತಿಂಗಳ ಹಿಂದಿನ ಮಾತು. ನಾನು ನಡೆಸುವ ಸತ್ಯವೇದ ಅಧ್ಯಯನ ಕೂಟಕ್ಕೆ ಆ ಯುವಕ ಹೊಸದಾಗಿ ಬಂದಿದ್ದ. ದೀನತೆಯ ಕುರಿತು ಮಾತು ನಡೆಯುತ್ತಿತ್ತು. ಅವನು ಅಂಜುತ್ತಲೇ, "ಲೂಕನ ಸುವಾರ್ತೆಯಲ್ಲಿ ಯೇಸು ಶಿಷ್ಯರ ಪಾದ ತೊಳೆಯುವಾಗ..." ಎಂದು ಆರಂಭಿಸಿದ. ಮುಗಿಸಲು ನಾನು ಬಿಡಲಿಲ್ಲ. "ಅದು ಲೂಕನಲ್ಲಿ ಇಲ್ಲ. ಮತ್ತಾಯನಲ್ಲಿ, ಮಾರ್ಕನಲ್ಲಿ ಕೂಡ ಇಲ್ಲ. ಯೋಹಾನ 13ರಲ್ಲಿ ಮಾತ್ರ ಇದೆ. ಓದಿಕೊಂಡು ಬಂದು ಮಾತನಾಡಿ" ಎಂದೆ. ಅವನ ಬೆರಳು ಇನ್ನೂ ಪುಟಗಳ ನಡುವೆಯೇ ಇತ್ತು. ಅದನ್ನು ಮೆಲ್ಲಗೆ ಹೊರತೆಗೆದು ಪುಸ್ತಕ ಮುಚ್ಚಿದ. ಮುಂದಿನ ಮೂರು ಕೂಟಗಳಿಗೂ ಬಂದ, ಒಂದು ಮಾತೂ ಆಡದೆ ಎದ್ದು ಹೋದ. ನಾನು ಅದನ್ನು ಗಮನಿಸಿದ್ದೆ. ಗಮನಿಸಿಯೂ ಸುಮ್ಮನಿದ್ದೆ ಎಂಬುದೇ ಈಗ ನನ್ನನ್ನು ಹೆಚ್ಚು ಚುಚ್ಚುತ್ತದೆ.

ಅವನ ಕೈ ಲೇಸಿಗೆ ತಾಗಿದ್ದೇ ತಡ, ಪಾದವನ್ನು ಹಿಂದಕ್ಕೆಳೆದುಕೊಂಡೆ. "ಬೇಡ, ಬೇಡ, ನಾನೇ ಕಟ್ಟಿಕೊಳ್ಳುತ್ತೇನೆ."

ಅವನು ತಲೆಯೆತ್ತದೆ, "ಒಂದು ನಿಮಿಷ ಅಷ್ಟೇ" ಎಂದ. ಲೇಸಿನ ಎರಡು ತುದಿಗಳನ್ನು ಸರಿಸಮ ಎಳೆದು, ಗಂಟು ಹಾಕಿ, ಅದರ ಮೇಲೆ ಇನ್ನೊಂದು ಗಂಟು ಹಾಕಿದ. ಮತ್ತೊಂದು ಷೂವಿನ ಗಂಟನ್ನೂ ಬೆರಳಿನಿಂದ ಒತ್ತಿ ನೋಡಿದ. "ತುಂಬಾ ಬಿಗಿಯಾಯಿತೇ?" ಎಂದು ಕೇಳಿದ. ಇಲ್ಲವೆಂದು ತಲೆಯಾಡಿಸಿದೆ. ಕೃತಜ್ಞತೆ ಹೇಳಲೂ ನಾಲಿಗೆ ಹೊರಳಲಿಲ್ಲ.

ಯೇಸು ಪಾದ ತೊಳೆಯಲು ಬಂದಾಗ ಶಿಷ್ಯ ಪೇತ್ರನೂ ಹಾಗೆಯೇ ಬೇಡವೆಂದವನಲ್ಲವೇ? ಅವನ "ಎಂದಿಗೂ ತೊಳೆಯಬಾರದು" ಎಂಬ ಮಾತನ್ನು ನಾನು ಗುರುಭಕ್ತಿಯೆಂದೇ ವಿವರಿಸುತ್ತಾ ಬಂದಿದ್ದೆ. ಅದರಲ್ಲಿ ಭಕ್ತಿಯ ಜೊತೆಗೆ ಬೇರೇನೋ ಇತ್ತೆಂದು ಆ ಮೆಟ್ಟಿಲ ಮೇಲೆ ಹೊಳೆಯಿತು. ಸೇವೆ ಮಾಡುವುದು ನನಗೆ ಕಷ್ಟವಲ್ಲ. ಕುರ್ಚಿ ಜೋಡಿಸುತ್ತೇನೆ, ನೆಲ ಗುಡಿಸುತ್ತೇನೆ, ಎಲ್ಲರೂ ಹೋದ ಮೇಲೆ ಬಾಗಿಲು ಹಾಕಿ ಹೊರಡುತ್ತೇನೆ. ಆದರೆ ಅವೆಲ್ಲವನ್ನೂ ಮನಸ್ಸಿನೊಳಗೆ ಎಣಿಸಿಟ್ಟುಕೊಂಡಿದ್ದೆ, ತನ್ನ ಉಪವಾಸ ಮತ್ತು ದಶಮಾಂಶಗಳನ್ನು ದೇವರ ಮುಂದೆ ಎಣಿಸಿದ ಯೇಸು ಹೇಳಿದ ಕಥೆಯ ಆ ಧರ್ಮನಿಷ್ಠ ಫರಿಸಾಯನಂತೆಯೇ. ಕೊಡುವವನು ಸದಾ ಮೇಲಿನ ಮೆಟ್ಟಿಲಲ್ಲಿ ನಿಂತಿರುತ್ತಾನೆ. ನಾನು ನೋಯಿಸಿದವನಿಂದಲೇ ಉಪಕಾರ ಪಡೆಯಲು ಆ ಮೆಟ್ಟಿಲಿನಿಂದ ಇಳಿಯಬೇಕಿತ್ತು.

ಆರಾಧನೆ ಆರಂಭವಾಯಿತು. ಪಾಪನಿವೇದನೆಯ ಪ್ರಾರ್ಥನೆ ಬಂದಾಗ ಬಾಯಿ ಮಾತುಗಳನ್ನು ಹೇಳುತ್ತಿತ್ತು, ಮನಸ್ಸು ಮತ್ತಾಯ 5ರಲ್ಲಿ ನಿಂತುಬಿಟ್ಟಿತ್ತು: ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನೊಡನೆ ಒಂದಾಗು. ನಾನು ಎದ್ದು ಹೋಗಲಿಲ್ಲ, ಅಷ್ಟು ಧೈರ್ಯ ಬರಲಿಲ್ಲ. ಆರಾಧನೆ ಮುಗಿದ ಮೇಲೆ ಅವನನ್ನು ಹುಡುಕಿಕೊಂಡು ಹೋದೆ. ದಾರಿಯುದ್ದಕ್ಕೂ ಒಳಗೊಳಗೇ ಸಮಜಾಯಿಷಿ ಸಿದ್ಧವಾಗುತ್ತಿತ್ತು: ವಚನದ ವಿಷಯದಲ್ಲಿ ನಿಖರತೆ ಬೇಕಲ್ಲವೇ, ನನ್ನ ಉದ್ದೇಶ ಒಳ್ಳೆಯದೇ ಆಗಿತ್ತಲ್ಲವೇ... ಅದನ್ನು ಒತ್ತಿಹಿಡಿಯುವುದಕ್ಕೇ ಬಹಳ ಪ್ರಾರ್ಥಿಸಬೇಕಾಯಿತು. ಕೊನೆಗೆ ಹೇಳಿದ್ದು ಇಷ್ಟೇ: "ಆ ದಿನ ಎಲ್ಲರೆದುರು ನಿಮ್ಮನ್ನು ಅವಮಾನಿಸಿದೆ. ಕ್ಷಮಿಸಿ."

ಅವನು ಮುಜುಗರಪಟ್ಟು, "ತಪ್ಪು ನನ್ನದೇ, ನೀವು ಹೇಳಿದ್ದು ಸರಿ" ಎಂದ.

"ಆ ದಿನ ಏನು ಹೇಳಬೇಕೆಂದಿದ್ದಿರಿ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ. ಲೂಕ 22ರಲ್ಲಿ ಅದೇ ರಾತ್ರಿ, ಅದೇ ಭೋಜನದ ಹೊತ್ತಿನಲ್ಲಿ, ತಮ್ಮಲ್ಲಿ ಯಾರು ದೊಡ್ಡವನು ಎಂದು ಶಿಷ್ಯರು ವಾದಕ್ಕಿಳಿಯುತ್ತಾರೆ. ಆಗ ಯೇಸು, ತಾನು ಅವರ ನಡುವೆ ಸೇವೆ ಮಾಡುವವನಂತೆ ಇರುವುದಾಗಿ ಹೇಳುತ್ತಾನೆ. "ಅವರು ಜಗಳದಲ್ಲಿದ್ದುದರಿಂದಲೇ ಯಾರೂ ಏಳಲಿಲ್ಲವೇನೋ, ಅದಕ್ಕೇ ಆತನೇ ಎದ್ದು ಕೈವಸ್ತ್ರ ಕಟ್ಟಿಕೊಂಡನೇನೋ ಎನಿಸಿತ್ತು. ಎರಡು ಸುವಾರ್ತೆಗಳನ್ನೂ ಸೇರಿಸಿ ಓದಿದ್ದೆ, ಹೇಳುವಾಗ ಹೆಸರು ತಪ್ಪಿತು."

ಎಷ್ಟೋ ವರ್ಷಗಳಿಂದ ಕಲಿಸುತ್ತಿರುವ ನನಗೆ ಆ ಎರಡು ಅಧ್ಯಾಯಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕೆಂದು ತೋಚಿರಲಿಲ್ಲ.

ನೋಯಿಸಿದ್ದು ಎಲ್ಲರ ಮುಂದೆ. ಹಾಗಾಗಿ ಮುಂದಿನ ಕೂಟದಲ್ಲಿ ಎಲ್ಲರ ಮುಂದೆಯೇ ಮತ್ತೊಮ್ಮೆ ಕ್ಷಮೆ ಕೇಳಿದೆ. ಆಮೇಲೆ ಅಧ್ಯಯನ ನಡೆಸಲು ಅವನನ್ನು ಕರೆದೆ. ಅವನು ಮಾತನಾಡುತ್ತಿದ್ದಾಗ ಯೋಹಾನ 13ರ ಪುಟದ ಅಂಚಿನಲ್ಲಿ ಎಡಗೈಯಿಂದ, ಈಗಷ್ಟೇ ಬರೆಯಲು ಕಲಿತ ಮಗುವಿನ ಅಕ್ಷರದಲ್ಲಿ ಬರೆದುಕೊಂಡೆ: ಲೂಕ 22:24.