10 ಸೆಕೆಂಡಿಗೆ 12 ಸಲ

ನಮ್ಮದು ಉತ್ತರ ಕರ್ನಾಟಕದ ಒಂದು ಸಕ್ಕರೆ ಕಾರ್ಖಾನೆ. 22 ಮೆಗಾವ್ಯಾಟ್ ಕೋಜನ್ ಸೆಟ್ (ಕಾರ್ಖಾನೆಯ ಹಬೆಯಿಂದ ವಿದ್ಯುತ್ ಮಾಡುವ ಟರ್ಬೈನ್-ಜನರೇಟರ್), ಆಚೆಗೆ ಗ್ರಿಡ್‌ಗೆ 110 ಕೆವಿ ಡಬಲ್ ಸರ್ಕ್ಯೂಟ್ ಲೈನ್. ಸೀಸನ್ ಭರದಲ್ಲಿತ್ತು. ಒಂದು ರಾತ್ರಿ ಒಂದು ಸರ್ಕ್ಯೂಟ್‌ಗೆ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಕೆಲಸಕ್ಕೆಂದು ಲೈನ್ ಬಂದ್) ಕೊಟ್ಟು ಅರ್ಧ ಗಂಟೆ ಆಗಿತ್ತಷ್ಟೆ, ಕಂಟ್ರೋಲ್ ರೂಮಿನಿಂದ ಫೋನು: "ಸರ, ಮಿಷಿನ್ ತೂಗಾಕತ್ತೈತ್ರಿ."

ಹೋಗಿ ನೋಡಿದರೆ ಲೋಡು 18ರಿಂದ 22ಕ್ಕೆ, 22ರಿಂದ 18ಕ್ಕೆ. ಡಿಸಿಎಸ್ (ಕಂಪ್ಯೂಟರ್ ನಿಯಂತ್ರಣ ವ್ಯವಸ್ಥೆ) ಟ್ರೆಂಡಿನಲ್ಲಿ ಐದು ಸೆಕೆಂಡಿಗೊಂದು ಅಲೆ, ನಿಧಾನ. ನಿಧಾನದ ತೂಗಾಟ ಎಂದರೆ ನಮ್ಮ ಕಡೆ ಎಲ್ಲರ ಬೆರಳೂ ಟರ್ಬೈನಿಗೆ ಹಬೆ ಹೆಚ್ಚು ಕಡಿಮೆ ಮಾಡುವ ಗವರ್ನರ್ ಕಡೆಗೇ. ನಾನೂ ಎರಡು ತಾಸು ಅದನ್ನೇ ಬೆನ್ನು ಹತ್ತಿದೆ: ಆಯಿಲ್ ಪ್ರೆಶರ್, ಆಕ್ಚುಯೇಟರ್, ಲಿಂಕೇಜು. ಒಂದರಲ್ಲೂ ದೋಷವಿಲ್ಲ.

ಹಳೆ ಪ್ಯಾನೆಲ್ ಮುಂದೆ ನಿಂತಿದ್ದ ಆಪರೇಟರ್ ಕಾಕಾ ಮುಳ್ಳಿನ ಮೀಟರ್ ತೋರಿಸಿ, "ಎಣಸ್ರಿ ಸರ" ಅಂದರು. 10 ಸೆಕೆಂಡಿಗೆ 12 ಸಲ. ಅಂದರೆ 1.2 ಹರ್ಟ್ಜ್! ಡಿಸಿಎಸ್ ಸೆಕೆಂಡಿಗೊಂದೇ ರೀಡಿಂಗ್ ಹಿಡಿಯುತ್ತಿತ್ತು; 1.2 ಹರ್ಟ್ಜ್ ಅಲೆಯನ್ನು ಹಾಗೆ ಹೆಕ್ಕಿದರೆ ಪರದೆಯ ಮೇಲೆ ಮೂಡುವುದು 0.2 ಹರ್ಟ್ಜ್‌ನ ಸುಳ್ಳು ಅಲೆ. ರಕ್ಷಣಾ ರಿಲೇ ವೇಗವಾಗಿ ಹಿಡಿದಿಟ್ಟಿದ್ದ ಡಿಸ್ಟರ್ಬೆನ್ಸ್ ರೆಕಾರ್ಡ್ ಇಳಿಸಿಕೊಂಡಾಗ ಅನುಮಾನ ಉಳಿಯಲಿಲ್ಲ. ಗವರ್ನರ್ ವಾಲ್ವೂ ಅಲುಗಿರಲಿಲ್ಲ.

ರಾತ್ರಿ ವೋಲ್ಟೇಜ್ ಏರಿದ್ದರಿಂದ ಎಕ್ಸಿಟೇಶನ್ (ರೋಟರನ್ನು ಅಯಸ್ಕಾಂತವಾಗಿಸುವ ಕರೆಂಟ್) ಇಳಿಸಿ ಪವರ್ ಫ್ಯಾಕ್ಟರ್ ಲೀಡಿಂಗ್‌ಗೆ ಹೋಗಿತ್ತು, ಅಂದರೆ ವೋಲ್ಟೇಜ್ ಹಿಡಿದಿಡುವ ರಿಯಾಕ್ಟಿವ್ ಪವರನ್ನು ಮಿಷಿನ್ ಕೊಡುವ ಬದಲು ಗ್ರಿಡ್‌ನಿಂದ ಎಳೆಯುತ್ತಿತ್ತು. ಲೈನೂ ಒಂದೇ. ಗ್ರಿಡ್ ಜೊತೆಗಿನ ಹಿಡಿತ ಸಡಿಲ. ಎಕ್ಸಿಟೇಶನ್ ಏರಿಸಿ ಲ್ಯಾಗಿಂಗ್‌ಗೆ ತಂದೆ, ಲೋಡು 16ಕ್ಕೆ ಇಳಿಸಿದೆ. ಒಂದು ನಿಮಿಷದೊಳಗೆ ಮುಳ್ಳು ನಿಂತಿತು.

ಹಾಗಾದರೆ ತೂಗಿಸಿದ್ದು ಯಾರು? ಎವಿಆರ್, ಅಂದರೆ ಎಕ್ಸಿಟೇಶನ್ ಏರಿಳಿಸಿ ವೋಲ್ಟೇಜನ್ನು ಸ್ಥಿರವಾಗಿಡುವ ಸಾಧನ. ಕಬ್ಬಿನ ಡಬಲ್ ಟ್ರಾಲಿ ಓಲಾಡುವಾಗ ಗಡಿಬಿಡಿ ಡ್ರೈವರ್ ಸ್ಟೇರಿಂಗ್ ತಿರುಗಿಸಿ ಓಲಾಟ ಹೆಚ್ಚಿಸುತ್ತಾನಲ್ಲ, ಹಾಗೆ. ಎವಿಆರ್ ನೋಡುವುದು ವೋಲ್ಟೇಜನ್ನು ಮಾತ್ರ. ಅದು ಚುರುಕು, ಆದರೆ ಅದರ ಆಜ್ಞೆ ಎಕ್ಸೈಟರ್, ಫೀಲ್ಡ್ ವೈಂಡಿಂಗ್ ದಾಟಿ ಫ್ಲಕ್ಸ್ (ಕಾಂತಕ್ಷೇತ್ರ) ಆಗುವಷ್ಟರಲ್ಲಿ ತಡವಾಗಿ, ರೋಟರಿಗೆ ಬೀಳುವ ಬಲ ತಪ್ಪು ಹೊತ್ತಿಗೆ ಬೀಳುತ್ತದೆ. ಇದನ್ನು ಸರಿದೂಗಿಸಲೆಂದೇ ಇರುವುದು ಪಿಎಸ್‌ಎಸ್, ಪವರ್ ಸಿಸ್ಟಮ್ ಸ್ಟೆಬಿಲೈಸರ್. ಆ ವಿಳಂಬದಷ್ಟೇ ಮುಂಚಿತವಾಗಿ ಎವಿಆರ್‌ಗೆ ಸಂಕೇತ ಕೊಟ್ಟು, ರೋಟರ್ ಮುಂದೆ ಓಡುವಾಗ ಎಳೆತ ಹೆಚ್ಚಿಸುತ್ತದೆ, ಹಿಂದೆ ಬೀಳುವಾಗ ತಗ್ಗಿಸುತ್ತದೆ.

ನಮ್ಮ ಎವಿಆರ್‌ನಲ್ಲಿ ಅದು ಮೊದಲಿನಿಂದಲೂ ಇತ್ತು. ಮಿಷಿನ್ ಮೊದಲು ಚಾಲೂ ಮಾಡಿದಾಗಿನ ಕಮಿಷನಿಂಗ್ ಶೀಟ್ ತೆಗೆದು ನೋಡಿದೆ: "ಪಿಎಸ್‌ಎಸ್: ಆಫ್". ಕೆಳಗೆ ನನ್ನದೇ ಸಹಿ.

ತಜ್ಞರು ಬಂದು ಟ್ಯೂನ್ ಮಾಡಿದರು. ಎಕ್ಸಿಟೇಶನ್ ಎಷ್ಟು ತಡಮಾಡುತ್ತದೆಂದು ಅಳೆದು ಸಂಕೇತಕ್ಕೆ ಅಷ್ಟೇ ಲೀಡ್ (ಮುಂಚಿತ) ಕೊಟ್ಟರು. ಫೀಲ್ಡ್ ವೋಲ್ಟೇಜ್ ನಡುಗುವವರೆಗೆ ಪಿಎಸ್‌ಎಸ್‌ನ ಗೇನ್ (ಸಂಕೇತದ ಬಲ) ಏರಿಸಿ, ಅದರ ಮೂರನೇ ಒಂದು ಪಾಲಿಗೆ ಇಳಿಸಿ ನಿಲ್ಲಿಸಿದರು. ಪರೀಕ್ಷೆಗೆ 2% ವೋಲ್ಟೇಜ್ ಸ್ಟೆಪ್ (ದಿಢೀರ್ ಬದಲಾವಣೆ) ಕೊಟ್ಟರೆ ಮೊದಲು ಒಂಬತ್ತು ಸಲ ತೂಗುತ್ತಿದ್ದದ್ದು ಈಗ ಎರಡೇ ಸಲ.

ಒಂದು ಕಿರಿಕಿರಿ ಉಳಿದಿದೆ. ನಮ್ಮ ಪಿಎಸ್‌ಎಸ್ ಪವರ್ ಒಂದನ್ನೇ ನೋಡುವಂಥದ್ದು. ಮಿಲ್ಲು ನಿಂತು ಲೋಡು ಧಡಕ್ಕನೆ ಬದಲಾದರೆ ಅದನ್ನೂ ತೂಗಾಟವೆಂದುಕೊಂಡು ರಿಯಾಕ್ಟಿವ್ ಪವರನ್ನು ಎಳೆದಾಡುತ್ತದೆ. ಸ್ಪೀಡು, ಪವರ್ ಎರಡನ್ನೂ ನೋಡುವ ಬಗೆ ಬೇಕೆಂದು ಬರೆದು ಕೊಟ್ಟಿದ್ದೇನೆ. "ಆಫ್ ಸೀಸನ್‌ನಾಗ ನೋಡೂಣು" ಎಂದಿದ್ದಾರೆ. ಅಲ್ಲಿಯವರೆಗೆ ಮುಳ್ಳಿನ ಮೀಟರ್ ತೆಗೆಸುವ ಮಾತನ್ನು ನಾನಂತೂ ಎತ್ತುವುದಿಲ್ಲ.