‘ಈಗ ಎಷ್ಟು ಪರ್ಸೆಂಟ್?’ ಅಂತ ಕೇಳುವವರಿಗೆ

ನಾನು ಅಮೆರಿಕದಲ್ಲಿ ಪೆಥಾಲಜಿಸ್ಟ್. ರೋಗಿಗಳನ್ನು ಮುಟ್ಟಿ ನೋಡುವ ಡಾಕ್ಟರ್ ಅಲ್ಲ. ಆಪರೇಷನ್ ಥಿಯೇಟರಿನಿಂದ ಡಬ್ಬಿಯಲ್ಲಿ ಬರುವ ತುಂಡುಗಳನ್ನು ಕತ್ತರಿಸಿ, ಮೈಕ್ರೋಸ್ಕೋಪಿನಲ್ಲಿ ನೋಡಿ, ರಿಪೋರ್ಟ್ ಬರೆಯುವವಳು. ಇದನ್ನು ಹೇಳಿಯೂ ಪ್ರಯೋಜನವಿಲ್ಲ. ನಮ್ಮವರಿಗೆ ಡಾಕ್ಟರ್ ಅಂದರೆ ಡಾಕ್ಟರ್. ವಾಟ್ಸಾಪಿನಲ್ಲಿ ರಿಪೋರ್ಟಿನ ಫೋಟೊ ಬರುತ್ತದೆ. ಅದರ ಹಿಂದೆಯೇ ಪ್ರಶ್ನೆ: "ಗಂಟಲು ಕ್ಯಾನ್ಸರ್, ಅದೇನೋ ವೈರಸ್‌ನಿಂದ ಬಂದಿದ್ದಂತೆ. ಆಪರೇಷನ್ ಆಯ್ತು. ಈಗ ಎಷ್ಟು ಪರ್ಸೆಂಟ್?"

ಯಾವುದು ಎಷ್ಟು ಪರ್ಸೆಂಟ್? ಬದುಕೋದಾ, ಕಾಯಿಲೆ ಮತ್ತೆ ಬರೋದಾ, ಗಂಟಲಲ್ಲಿ ಅನ್ನ ಇಳಿಯೋದಾ? ಎರಡು ವರ್ಷಕ್ಕಾ, ಹತ್ತು ವರ್ಷಕ್ಕಾ? ಅದನ್ನು ಯಾರೂ ಹೇಳುವುದಿಲ್ಲ. ಪಿಯುಸಿ ರಿಸಲ್ಟ್ ಕೇಳಿದ ಹಾಗೆ ಕೇಳುತ್ತಾರೆ.

ಕಳೆದ ಸಲ ಊರಿಗೆ ಹೋದಾಗ ಮೈಸೂರಿನಲ್ಲಿ ಒಂದು ಗೃಹಪ್ರವೇಶ. ಊಟಕ್ಕೆ ಕೂತಿದ್ದೆ. ದೂರದ ಸಂಬಂಧದ ಮಾವ ಒಬ್ಬರು ಪಕ್ಕದ ಎಲೆಗೆ ಬಂದು ಕೂತು, ಫೋನನ್ನು ನನ್ನ ಸಾರಿನ ಮೇಲೇ ಹಿಡಿದರು. ಟೆಕ್ಸಾಸ್‌ನಲ್ಲಿರುವ ಅಳಿಯನ ರಿಪೋರ್ಟ್. ಸಿಗರೇಟು, ಅಡಿಕೆ ಯಾವುದೂ ಮುಟ್ಟದವನು. ಟಾನ್ಸಿಲ್‌ನಲ್ಲಿ ಗಡ್ಡೆ, ರೋಬೋಟ್ ಆಪರೇಷನ್. "ಇದು ಒಳ್ಳೆ ಕ್ಯಾನ್ಸರ್ ಅಂತೆ ಕಣಮ್ಮ. ಹಾಗಾದ್ರೆ ತೊಂಬತ್ತರ ಮೇಲೆ ಅಲ್ವಾ?" ಅಂದರು. ಹೋಳಿಗೆ ಬಡಿಸುತ್ತಿದ್ದ ಹುಡುಗನೂ ನನ್ನ ಉತ್ತರಕ್ಕೆ ಕಾಯುತ್ತಾ ನಿಂತುಬಿಟ್ಟ.

ನಾನು "ರಿಪೋರ್ಟ್ ಪೂರ್ತಿ ಓದಬೇಕು ಮಾವ" ಅಂದೆ. ಮಾವನ ಮುಖ ಸಪ್ಪೆಯಾಯಿತು. ತಪ್ಪಿಸಿಕೊಳ್ಳುತ್ತಿದ್ದಾಳೆ ಅಂದುಕೊಂಡರು. ಆ ಮಾವನಿಗೂ ಉಳಿದವರಿಗೂ ಇಲ್ಲಿ ಒಂದೇ ಸಲ ಹೇಳಿಬಿಡುತ್ತೇನೆ.

‘ಒಳ್ಳೆ ಕ್ಯಾನ್ಸರ್’ ಅನ್ನುವ ಮಾತು ಸುಮ್ನೆ ಹುಟ್ಟಿದ್ದಲ್ಲ. ಟಾನ್ಸಿಲ್ ಮತ್ತು ನಾಲಿಗೆಯ ಬುಡದಲ್ಲಿ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ) ವೈರಸ್‌ನಿಂದ ಬರುವ ಕ್ಯಾನ್ಸರ್, ತಂಬಾಕಿನಿಂದ ಬರುವುದಕ್ಕಿಂತ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. 2010ರಲ್ಲಿ ಬಂದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಮೂರು ವರ್ಷದ ನಂತರ ಬದುಕಿದ್ದವರು, ವೈರಸ್ ಇದ್ದವರಲ್ಲಿ ಶೇ. 82, ಇಲ್ಲದವರಲ್ಲಿ ಶೇ. 57. ಅವರೆಲ್ಲ ರೇಡಿಯೇಶನ್, ಕೀಮೋ ತಗೊಂಡವರು, ಆಪರೇಷನ್ ಆದವರಲ್ಲ. ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯವೂ ಇತ್ತು: ವೈರಸ್ ಇದ್ದರೂ ವರ್ಷಗಟ್ಟಲೆ ಸಿಗರೇಟು ಸೇದಿದವರಿಗೆ ಆ ಲಾಭ ಅಷ್ಟು ಸಿಗಲಿಲ್ಲ. ಈ ಭಾಗ ಮಾತ್ರ ಯಾವ ಗೃಹಪ್ರವೇಶಕ್ಕೂ ಬರುವುದಿಲ್ಲ.

ವೈರಸ್ ಇದೆ ಅಂತ ನಮಗೆ ಗೊತ್ತಾಗುವುದಾದರೂ ಹೇಗೆ? ಬಹಳ ಕಡೆ ನೇರವಾಗಿ ವೈರಸ್ ಹುಡುಕುವುದಿಲ್ಲ. ಪಿ16 ಅನ್ನುವ ಪ್ರೋಟೀನಿಗೆ ಬಣ್ಣ ಹಾಕುತ್ತೇವೆ. ವೈರಸ್ ಜೀವಕೋಶದ ಲಗಾಮು ಕಿತ್ತಾಗ ಈ ಪ್ರೋಟೀನ್ ಉಕ್ಕುತ್ತದೆ. ಕನಿಷ್ಠ ಶೇ. 70 ಕೋಶಗಳು ದಟ್ಟ ಕಂದು ಬಣ್ಣಕ್ಕೆ ತಿರುಗಿದರೆ ಪಾಸಿಟಿವ್. ಅಗ್ಗದ, ಸುಲಭದ ಪರೀಕ್ಷೆ. ಆದರೆ ಪಿ16 ಪಾಸಿಟಿವ್ ಇದ್ದು ವೈರಸ್ ಇಲ್ಲದವರೂ ಇದ್ದಾರೆ. 2023ರಲ್ಲಿ ಹಲವು ದೇಶಗಳ 7654 ರೋಗಿಗಳ ಲೆಕ್ಕ ಒಟ್ಟುಗೂಡಿಸಿ ನೋಡಿದರು. ಎರಡೂ ಪಾಸಿಟಿವ್ ಇದ್ದವರಲ್ಲಿ ಐದು ವರ್ಷ ಬದುಕಿದವರು ಶೇ. 81. ಪಿ16 ಮಾತ್ರ ಪಾಸಿಟಿವ್ ಇದ್ದವರಲ್ಲಿ ಶೇ. 55ರ ಹತ್ತಿರ. ಎಲ್ಲಿ ವೈರಸ್‌ನ ಪಾಲು ಕಡಿಮೆಯೋ ಅಲ್ಲಿ ಈ ಗೊಂದಲ ಜಾಸ್ತಿ. ನಮ್ಮ ದೇಶದಲ್ಲಿ ಗಂಟಲು ಕ್ಯಾನ್ಸರಿಗೆ ಈಗಲೂ ಮುಖ್ಯ ಕಾರಣ ತಂಬಾಕು. ಹಾಗಾಗಿ ಬೆಂಗಳೂರಿನ ರಿಪೋರ್ಟಿನಲ್ಲಿ ಪಿ16 ಪಾಸಿಟಿವ್ ಅಂತ ಕಂಡ ತಕ್ಷಣ ಟೆಕ್ಸಾಸಿನ ಪರ್ಸೆಂಟೇಜ್ ಹಿಡಿದುಕೊಂಡು ಕೂರಬೇಡಿ. ವೈರಸ್‌ನದೇ ಪರೀಕ್ಷೆ ಆಗಿದೆಯಾ ಅಂತ ಕೇಳಿ.

ಇನ್ನು, "ಅವನಿಗೆ ಅದು ಹೇಗೆ ಬಂತು?" ಅಂತ ದನಿ ತಗ್ಗಿಸಿ ಕೇಳುವವರು. ಲೈಂಗಿಕ ಸಂಪರ್ಕದಿಂದ ಹರಡುವುದು ನಿಜ, ಆದರೆ ಹೆಚ್ಚುಕಡಿಮೆ ಎಲ್ಲರಿಗೂ ಒಂದಲ್ಲ ಒಂದು ಕಾಲಕ್ಕೆ ತಗಲುವ ವೈರಸ್ ಅದು. ಕ್ಯಾನ್ಸರ್ ಬರುವ ಹೊತ್ತಿಗೆ ಎಷ್ಟೋ ವರ್ಷ ಕಳೆದಿರುತ್ತದೆ. ಪತ್ತೇದಾರಿ ಕೆಲಸ ಬಿಡಿ.

ಈಗ ಆಪರೇಷನ್ ವಿಷಯ. ಟಾನ್ಸಿಲ್‌ನ ತುಂಡು ನನ್ನ ಮೇಜಿಗೆ ಬಂದಾಗ ಮೊದಲು ಅದರ ಅಂಚುಗಳಿಗೆ ಬೇರೆ ಬೇರೆ ಬಣ್ಣದ ಶಾಯಿ ಬಳಿಯುತ್ತೇವೆ. ಆಮೇಲೆ ಗಡ್ಡೆಯಿಂದ ಶಾಯಿಯವರೆಗೆ ಎಷ್ಟು ಜಾಗ ಉಳಿದಿದೆ ಅಂತ ಅಳೆಯಬಹುದು. ಕತ್ತಿನಿಂದ ತೆಗೆದ ಹಳದಿ ಕೊಬ್ಬು ಬೇರೆ ಡಬ್ಬಿಯಲ್ಲಿ ಬರುತ್ತದೆ. ಅದನ್ನು ಬೆರಳಲ್ಲಿ ಹಿಸುಕಿ ಹಿಸುಕಿ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ಹುಡುಕಬೇಕು. ಕೆಲವು 3 ಮಿಲಿಮೀಟರ್ ಕೂಡ ಇರುವುದಿಲ್ಲ. ಫಾರ್ಮಲಿನ್ ವಾಸನೆಗೆ ಕಣ್ಣು ಉರಿಯುತ್ತದೆ, ಆದರೂ ಒಂದನ್ನೂ ಬಿಡುವ ಹಾಗಿಲ್ಲ. ಯಾಕೆಂದರೆ ಇಲ್ಲಿ ಎಣಿಕೆಯೇ ಮುಖ್ಯ. ಈ ಕಾಯಿಲೆಗೆ 2018ರಿಂದ ಜಾರಿಗೆ ಬಂದ ಸ್ಟೇಜ್ ಪದ್ಧತಿಯಲ್ಲಿ, ಆಪರೇಷನ್ ಆದವರಿಗೆ ಕ್ಯಾನ್ಸರ್ ತಗಲಿದ ಗ್ರಂಥಿ ನಾಲ್ಕರೊಳಗೆ ಇದ್ದರೆ ಒಂದು ಗುಂಪು, ಐದಾದರೆ ಮುಂದಿನ ಗುಂಪು. ಗ್ರಂಥಿಯ ಸಿಪ್ಪೆ ಒಡೆದು ಕ್ಯಾನ್ಸರ್ ಹೊರಗೆ ಬಂದಿದ್ದರೆ ಎಷ್ಟು ಬಂದಿದೆ ಅಂತಲೂ ಅಳೆಯುತ್ತೇನೆ. ಒಂದು ಮಿಲಿಮೀಟರ್ ದಾಟಿತೋ ಇಲ್ಲವೋ ಅನ್ನುವುದರ ಮೇಲೆ ಒಬ್ಬರ ಮುಂದಿನ ಕೆಲವು ವಾರ ನಿಂತಿರುತ್ತದೆ.

ಯಾರಾದರೂ ಇದನ್ನೇ ಕೇಳಲಿ ಅಂತ ನನಗೆ ಆಸೆ: "ಈ ರಿಪೋರ್ಟ್ ನೋಡಿದರೆ ಮುಂದೆ ಎಷ್ಟು ಚಿಕಿತ್ಸೆ ಬೇಕು, ಎಷ್ಟು ಬಿಡಬಹುದು?"

ಇದಕ್ಕೆ ಉತ್ತರ ಇದೆ. ಇಸಿಒಜಿ 3311 ಅನ್ನುವ ಅಮೆರಿಕದ ಪ್ರಯೋಗದಲ್ಲಿ ರೋಬೋಟಿನಂಥ ವಿಧಾನಗಳಿಂದ, ಬಾಯಿಯ ಮೂಲಕವೇ ಆಪರೇಷನ್ ಮಾಡಿದರು. ಆಮೇಲೆ ಪೆಥಾಲಜಿ ರಿಪೋರ್ಟ್ ನೋಡಿ ರೋಗಿಗಳನ್ನು ಬೇರೆ ಬೇರೆ ದಾರಿಗೆ ಕಳಿಸಿದರು. ಅಂಚು ಚೊಕ್ಕಟ, ಕ್ಯಾನ್ಸರ್ ತಗಲಿದ ಗ್ರಂಥಿ ಇಲ್ಲ ಅಥವಾ ಸಿಪ್ಪೆ ಒಡೆಯದ ಒಂದೇ ಇದ್ದರೆ ಮುಂದೆ ಏನೂ ಬೇಡ. ನಡುವಿನವರಲ್ಲಿ ಕೆಲವರಿಗೆ 60 ಗ್ರೇ (ರೇಡಿಯೇಶನ್ ಡೋಸಿನ ಅಳತೆ) ರೇಡಿಯೇಶನ್, ಕೆಲವರಿಗೆ 50 ಗ್ರೇ ಮಾತ್ರ. ಅಂಚಿನಲ್ಲಿ ಕ್ಯಾನ್ಸರ್, ಐದು ಅಥವಾ ಹೆಚ್ಚು ಗ್ರಂಥಿ, ಇಲ್ಲವೇ ಸಿಪ್ಪೆಯಿಂದ ಹೊರಗೆ ಒಂದು ಮಿಲಿಮೀಟರ್ ದಾಟಿದ್ದರೆ ಜಾಸ್ತಿ ರೇಡಿಯೇಶನ್ ಜೊತೆಗೆ ಸಿಸ್ಪ್ಲಾಟಿನ್ ಅನ್ನುವ ಕೀಮೋ ಔಷಧಿ. ಎರಡು ವರ್ಷಕ್ಕೆ ಕಾಯಿಲೆ ಮರುಕಳಿಸದೆ ಇದ್ದವರು: 50 ಗ್ರೇ ಗುಂಪಿನಲ್ಲಿ ಶೇ. 95ರ ಹತ್ತಿರ, 60 ಗ್ರೇ ಗುಂಪಿನಲ್ಲಿ ಶೇ. 96. ಅಂದರೆ ಹತ್ತು ಗ್ರೇ ಕಡಿಮೆ ಕೊಟ್ಟರೂ ನಷ್ಟ ಕಾಣಲಿಲ್ಲ. ನಲವತ್ತೆಂಟು ವರ್ಷದವನಿಗೆ ಬಾಯಿ ಒಣಗದೆ, ಚಪಾತಿ ನುಂಗಲು ಪ್ರತಿ ತುತ್ತಿಗೂ ನೀರು ಬೇಡದೆ ಮುಂದಿನ ಮೂವತ್ತು ವರ್ಷ ಕಳೆಯುವುದು ಸಣ್ಣ ವಿಷಯವಾ?

ಹಾಗಂತ ಕಡಿಮೆ ಮಾಡಿದ್ದೆಲ್ಲ ಒಳ್ಳೆಯದಲ್ಲ. ‘ಒಳ್ಳೆ ಕ್ಯಾನ್ಸರ್’ ಅಲ್ವಾ ಅಂತ ಸಿಸ್ಪ್ಲಾಟಿನ್ ಬಿಟ್ಟು, ಹಗುರ ಅಂದುಕೊಂಡ ಸೆಟುಕ್ಸಿಮ್ಯಾಬ್ ಅನ್ನುವ ಇನ್ನೊಂದು ಔಷಧಿ ಕೊಟ್ಟು ನೋಡಿದರು. ಇದು ಆಪರೇಷನ್ ಇಲ್ಲದೆ ರೇಡಿಯೇಶನ್ ತಗೊಂಡವರ ಕಥೆ. ಬ್ರಿಟನ್, ಐರ್ಲೆಂಡ್, ನೆದರ್ಲೆಂಡ್ಸ್‌ನ ಪ್ರಯೋಗದಲ್ಲಿ ಎರಡು ವರ್ಷಕ್ಕೆ ಬದುಕಿದ್ದವರು ಸಿಸ್ಪ್ಲಾಟಿನ್ ಗುಂಪಿನಲ್ಲಿ ಶೇ. 97.5, ಇನ್ನೊಂದರಲ್ಲಿ ಶೇ. 89.4. ಅಡ್ಡ ಪರಿಣಾಮವೂ ಒಟ್ಟಾರೆ ಕಡಿಮೆಯಾಗಲಿಲ್ಲ. ಪರ್ಸೆಂಟೇಜ್ ನೋಡಿ ನಿರಾಳವಾದರೆ ಹೀಗೂ ಆಗುತ್ತದೆ ಮಾವ.

ಅಳಿಯನ ರಿಪೋರ್ಟಿನಲ್ಲಿ ಗ್ರಂಥಿ ಮೂರು, ಅಂಚು ಚೊಕ್ಕಟ, ಸಿಪ್ಪೆ ಒಡೆದಿಲ್ಲ. ಅವನು ಡಾಕ್ಟರ ಹತ್ತಿರ ರೇಡಿಯೇಶನ್ ಡೋಸ್ ಬಗ್ಗೆ ಮಾತಾಡಲಿ. ನುಂಗುವ ವ್ಯಾಯಾಮ ಹೇಳಿಕೊಡುವ ಥೆರಪಿಸ್ಟನ್ನು ರೇಡಿಯೇಶನ್ ಶುರುವಾಗುವ ಮೊದಲೇ ನೋಡಲಿ, ಆಮೇಲಲ್ಲ. ಉಳಿದವರು ರಿಪೋರ್ಟ್ ಕಳಿಸುವುದಾದರೆ ಎಲ್ಲ ಪುಟವನ್ನೂ ಕಳಿಸಿ. ಕೊನೇ ಸಾಲಿಗೆ ಕೆಂಪು ಗೆರೆ ಎಳೆದು, ಅಷ್ಟನ್ನೇ ಫೋಟೊ ಹೊಡೆದು ಕಳಿಸಿದರೆ ನಾನು ಉತ್ತರ ಕೊಡುವುದಿಲ್ಲ.